ಹಳೆಯ ಪದಕ, ಹಳೆಯ ಮಣಿ, ಹೊಸ ಸರ

ಹಳೆಯ ಬೆಳ್ಳಿ ಪದಕವೊಂದನ್ನು ನಡುವೆ ಇಟ್ಟು, ಅಲ್ಲಲ್ಲಿ ಕೂಡಿಹಾಕಿದ ಮಣಿಗಳನ್ನು ಅದರ ಎರಡೂ ಬದಿಗೆ ಪೋಣಿಸಿ, ಒಬ್ಬರ ಕೊರಳಿಗೆ ಒಪ್ಪುವಂತೆ ಸರ ಕಟ್ಟುವುದು ಅಕ್ಕಸಾಲಿಗನ ವಿದ್ಯೆಯಲ್ಲ. ಇಲ್ಲಿ ಲೋಹ ಕರಗಿಸುವುದಿಲ್ಲ, ಹರಳು ಕೂರಿಸುವುದಿಲ್ಲ, ಬೆಸುಗೆ ಹಾಕುವುದೂ ಅಪರೂಪ. ಬೇಕಾಗುವುದು ಮೂರು ತಿಳಿವಳಿಕೆ: ಕೈಯಲ್ಲಿರುವ ವಸ್ತು ಯಾವುದು, ಅದರ ತೂಕ ಎಷ್ಟು, ಅದರ ತೂತು ಹೇಗಿದೆ. ಬಣ್ಣ, ವಿನ್ಯಾಸ, ಅಂದಚಂದ ಎಲ್ಲವೂ ಇವುಗಳ ನಂತರ. ಇಡೀ ಕೆಲಸಕ್ಕೆ ಒಂದು ಕಟ್ಟಳೆಯೂ ಉಂಟು. ಇಂದು ಕಟ್ಟಿದ ಸರವನ್ನು ನಾಳೆ ಬಿಚ್ಚಿದರೆ ಪ್ರತಿಯೊಂದು ವಸ್ತುವೂ ಮೊದಲಿದ್ದಂತೆಯೇ ಕೈಗೆ ಬರಬೇಕು. ಕೊರೆದದ್ದು, ಕತ್ತರಿಸಿದ್ದು, ಅಂಟು ಹಾಕಿದ್ದು ಮತ್ತೆ ಹಳೆಯದಾಗುವುದಿಲ್ಲ.

ಹೀಗೆ ಸರ ಕಟ್ಟಿಕೊಂಡವರಲ್ಲಿ ಹೆಸರಾದವರೂ ಇದ್ದಾರೆ. ಮೆಕ್ಸಿಕೋದ ಚಿತ್ರಕಲಾವಿದೆ ಫ್ರಿಡಾ ಕಾಹ್ಲೋ, ಸ್ಪೇನಿನವರು ಬರುವುದಕ್ಕಿಂತ ಮೊದಲಿನ ಕಾಲದ ಜೇಡ್ ಮಣಿಗಳನ್ನು ತಾವೇ ಪೋಣಿಸಿ ಧರಿಸುತ್ತಿದ್ದರು. ಅವರ ಉಡುಗೆ ತೊಡುಗೆಗಳ ಪ್ರದರ್ಶನ 2018ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ನಡೆದಾಗ ಆ ಬಗೆಯ ಸರವೂ ಅಲ್ಲಿತ್ತು. ಅಮೆರಿಕದ ಸಿಯಾಟಲ್ ನಗರದ ಆಭರಣ ಶಿಕ್ಷಕಿ ರಮೋನಾ ಸೋಲ್‌ಬರ್ಗ್ (1921–2005) ದೇಶ ಸುತ್ತಿ ತಂದ ಮಣಿ, ಗುಂಡಿ, ಆಟದ ಕಾಯಿಗಳನ್ನು ಬೆಳ್ಳಿಯ ಜೊತೆ ಸೇರಿಸಿ ಕೊರಳ ಪದಕಗಳನ್ನು ರೂಪಿಸಿದರು. ಆ ಸೀಮೆಯ ಒಂದು ತಲೆಮಾರಿನ ಆಭರಣಕಾರರು ಅವರ ದಾರಿಯಲ್ಲೇ ನಡೆದರು. ಆದರೆ ಸರವನ್ನು ಬಿಚ್ಚಿ ಮತ್ತೆ ಕಟ್ಟುವ ರೂಢಿ ಇವರಿಂದ ಶುರುವಾದದ್ದಲ್ಲ. ಅಜ್ಜಿಯ ಕಾಸಿನ ಸರ ಮೂವರು ಮೊಮ್ಮಕ್ಕಳಿಗೆ ಮೂರು ಪಾಲಾಗುವುದು, ಹವಳ ಒಬ್ಬರಿಗೆ, ಗುಂಡು ಇನ್ನೊಬ್ಬರಿಗೆ ಹೋಗುವುದು ಎಲ್ಲ ಊರಿನಲ್ಲೂ ಇದ್ದದ್ದೇ. ದಾರ ಹರಿದಾಗಲೆಲ್ಲ ಸರ ಹೊಸದಾಗುತ್ತದೆ. ಹಳೆಯ ಸರವೆಂದು ಅಂಗಡಿಯಲ್ಲಿ ತೋರಿಸುವುದರಲ್ಲಿ ಬಹುಪಾಲಿನ ಮಣಿ ಹಳೆಯದು, ಜೋಡಣೆ ಇತ್ತೀಚಿನದು.

ಇಷ್ಟೊಂದು ಹಳೆಯ ಬೆಳ್ಳಿ ಪೇಟೆಗೆ ಬಂದದ್ದಕ್ಕೆ ಕಾರಣ ಹಳ್ಳಿಯ ಉಳಿತಾಯದ ಕ್ರಮದಲ್ಲಿದೆ. ಒಕ್ಕಲು ಮನೆಗಳಲ್ಲಿ, ದನಗಾಹಿ ಮತ್ತು ಅಲೆಮಾರಿ ಸಮುದಾಯಗಳಲ್ಲಿ ಬೆಳ್ಳಿಯೇ ಬ್ಯಾಂಕು. ಬೆಳೆ ಬಂದ ವರ್ಷ ಒಡವೆ ಮಾಡಿಸುವುದು, ಬರ ಬಂದ ವರ್ಷ ಮಾರುವುದು ಅಥವಾ ಒತ್ತೆಯಿಡುವುದು. ಕೈಯಲ್ಲಿ ಸ್ವಲ್ಪ ದುಡ್ಡು ಆಡುತ್ತಲೇ ಬೆಳ್ಳಿಯ ಜಾಗಕ್ಕೆ ಚಿನ್ನ ಬಂದಿತು. ಬೆಳ್ಳಿ ತೂಕದ ಲೆಕ್ಕದಲ್ಲಿ ಚಿನಿವಾರನ ತಕ್ಕಡಿಗೆ ಹೋಯಿತು. ಕುಸುರಿಗೆ ಬೆಲೆ ಇರಲಿಲ್ಲ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರ ಖರೀದಿಯ ಭರಾಟೆಯಿಂದ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಏರಿದಾಗ ಲೋಕದ ಎಲ್ಲೆಡೆ ಹಳೆಯ ಬೆಳ್ಳಿ ರಾಶಿಗಟ್ಟಲೆ ಮೂಸೆಗೆ ಬಿದ್ದಿತು. ಕರಗದೆ ಉಳಿದದ್ದು ಸಂಗ್ರಾಹಕರ ಕೈ ಸೇರಿತು. ಜೈಪುರದ ಆಮ್ರಪಾಲಿ ಮ್ಯೂಸಿಯಂನಂಥ ಕಡೆ ಇಂದು ಕಾಣುವ ಬುಡಕಟ್ಟಿನ ಬೆಳ್ಳಿ ಒಡವೆಗಳು ಹೀಗೆ ಮೂಸೆಯ ಬಾಯಿಂದ ತಪ್ಪಿಸಿಕೊಂಡವು.

ಪದಕವೆಂದು ಮಾರುವ ವಸ್ತುಗಳಲ್ಲಿ ಅನೇಕವು ಪದಕಗಳೇ ಅಲ್ಲ. ಮಧ್ಯ ಏಷ್ಯಾದ ತುರ್ಕಮೆನ್ ಜನರ ಹೃದಯಾಕಾರದ ಅಸಿಕ್, ಬೆಳ್ಳಿಯ ಮೇಲೆ ಚಿನ್ನದ ನೀರು ಹಾಯಿಸಿ ಕೆಂಪು ಕಲ್ಲು ಕೂರಿಸಿದ ಭಾರಿ ಒಡವೆ. ಅದು ತೂಗುತ್ತಿದ್ದುದು ಬೆನ್ನ ಮೇಲಿನ ಜಡೆಯಲ್ಲಿ. ಮೊರಾಕ್ಕೊದ ಅಮಾಜಿಗ್ ಹೆಂಗಸರ ತ್ರಿಕೋನದ ಬಿಲ್ಲೆ ಭುಜದ ಮೇಲೆ ಬಟ್ಟೆ ಹಿಡಿದಿಡುವ ಪಿನ್ನು. ರಾಜಸ್ಥಾನದ ಬೋರ್‌ಲಾ ಹಣೆಯ ಮೇಲಿನದು. ಕನ್ನಡ ನಾಡಿನ ಜಡೆಬಿಲ್ಲೆಯೂ ಈಗ ಕೊರಳಿಗೆ ಇಳಿದಿದೆ. ಟಿಬೆಟಿನ ಗಾವು ಮಂತ್ರ ಬರೆದ ಕಾಗದ, ದೇವರ ಪುಟ್ಟ ಮೂರ್ತಿ ಇಡುವ ಪೆಟ್ಟಿಗೆ. ಪಯಣದಲ್ಲಿ ಜೊತೆಗಿರುವ ದೇವರ ಮನೆ. ಇಥಿಯೋಪಿಯಾದ ಶಿಲುಬೆಗಳು ಮಾತ್ರ ಮೊದಲಿನಿಂದಲೂ ಕೊರಳಿನವೇ.

ಸಂಗ್ರಾಹಕರ ಪಟ್ಟಿಗಳಲ್ಲಿ ಬರಿದೇ ‘ದಕ್ಷಿಣ ಭಾರತದ ಬೆಳ್ಳಿ ಡಬ್ಬಿ’ ಎಂದು ಕಾಣಿಸಿಕೊಳ್ಳುವ ಇನ್ನೊಂದು ವಸ್ತುವನ್ನು ಕನ್ನಡಿಗರು ಥಟ್ಟನೆ ಗುರುತಿಸುತ್ತಾರೆ. ಅದು ಇಷ್ಟಲಿಂಗದ ಕರಡಿಗೆ. ಮೊಟ್ಟೆಯಾಕಾರದ ಗುಂಡಗಡಿಗೆ ಒಂದು ಬಗೆ, ಎರಡು ಬದಿಗೆ ಚೂಪು ತುದಿಗಳಿರುವ ಚೌಕ ಇನ್ನೊಂದು. ಶಿವದಾರ ಹಾಯುವ ಕಿವಿ, ಮುಚ್ಚಳದ ಬಿಗಿ, ಒಳಗಿನ ಟೊಳ್ಳು ಎಲ್ಲವೂ ಲಿಂಗವನ್ನು ಮೈಮೇಲೆ ಧರಿಸುವ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡವು. ಮೈಲಾರಲಿಂಗ, ಖಂಡೋಬನ ಕುದುರೆ ಸವಾರಿಯ ಬೆಳ್ಳಿ ತಗಡು ದೇವರ ಜಗಲಿಯ ಮೇಲಿದ್ದು ಪೂಜೆಗೊಂಡದ್ದು. ಇಂಥವನ್ನು ಸರಕ್ಕೆ ಬಳಸಬಾರದೆಂಬ ಕಾನೂನಿಲ್ಲ. ಆದರೆ ಕರಡಿಗೆಯನ್ನು ಗೊತ್ತಿಲ್ಲದೆ ಬಳಸುವುದು ಬೇರೆ, ಗೊತ್ತಿದ್ದು ಬಳಸುವುದು ಬೇರೆ. ಗೊತ್ತಿದ್ದವರು ಅದರ ಕಿವಿ ಕತ್ತರಿಸುವುದಿಲ್ಲ, ಮುಚ್ಚಳಕ್ಕೆ ತೂತು ಹಾಕುವುದಿಲ್ಲ. ದಾರದಲ್ಲಿ ಅದು ಹಿಂದೆ ತೂಗುತ್ತಿದ್ದ ರೀತಿಯಲ್ಲೇ ತೂಗಬಿಡುತ್ತಾರೆ.

ನಾಣ್ಯದ ಪದಕಗಳಿಗೆ ಒಂದು ಅನುಕೂಲವಿದೆ: ಅವುಗಳ ಲೋಹದ ಲೆಕ್ಕ ದಾಖಲೆಯಲ್ಲಿದೆ. ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ಶೇ 91.7. ಯುದ್ಧಕಾಲದಲ್ಲಿ, 1940ರಿಂದ, ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲ್ಲಿನದು. ಲಂಬಾಣಿ ಹೆಂಗಸರ ಒಡವೆಗಳಲ್ಲಿ, ಕಾಸಿನ ಸರಗಳಲ್ಲಿ ಕಿವಿ ಬೆಸೆದ ರೂಪಾಯಿ ಕಂಡರೆ ಅದರ ಮೇಲಿನ ಇಸವಿಯೇ ಅರ್ಧ ಕಥೆ ಹೇಳುತ್ತದೆ. ಒಡವೆ ಆ ಇಸವಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಹೊಸದಾಗಿರಬಹುದು.

ಇಸವಿ ನಂಬಿ ಮೋಸಹೋಗುವ ನಾಣ್ಯವೂ ಒಂದಿದೆ. ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ 1780ರಲ್ಲಿ ತೀರಿಕೊಂಡ ಮೇಲೂ ಆಕೆಯ ಮುಖದ ಥಾಲರ್ ನಾಣ್ಯವನ್ನು ಅದೇ 1780ರ ಇಸವಿ ಹಾಕಿಯೇ ಟಂಕಿಸುತ್ತ ಬಂದರು. ಸುಮಾರು 28 ಗ್ರಾಂ ತೂಕ, ಶೇ 83.3ರಷ್ಟು ಬೆಳ್ಳಿ. ಇಥಿಯೋಪಿಯಾ, ಯೆಮೆನ್, ಒಮಾನ್‌ಗಳಲ್ಲಿ ಇದೇ ಚಲಾವಣೆಯ ಹಣವಾಗಿತ್ತು, ಇದೇ ಅಕ್ಕಸಾಲಿಗನ ಕಚ್ಚಾ ಸಾಮಗ್ರಿಯಾಗಿತ್ತು. ಅನೇಕ ಶಿಲುಬೆಗಳು, ತಾಯಿತಗಳು ಈ ನಾಣ್ಯ ಕರಗಿಸಿ ಮಾಡಿದವು. ಯೆಮೆನ್‌ನ ಬೆಳ್ಳಿ ಕೆಲಸಗಾರರಲ್ಲಿ ಹೆಚ್ಚಿನವರು ಯಹೂದಿಗಳಾಗಿದ್ದರು. 1949–50ರಲ್ಲಿ ಅವರು ಸಾಮೂಹಿಕವಾಗಿ ಇಸ್ರೇಲಿಗೆ ಹೊರಟುಹೋದ ಮೇಲೆ ಅಲ್ಲಿನ ಸೂಕ್ಷ್ಮ ತಂತಿ ಕುಸುರಿ, ಅರಳುಮಣಿಗಳ ಕೆಲಸದಲ್ಲಿ ದೊಡ್ಡ ಕಂದರ ಬಿದ್ದಿತು.

ಉಳಿದ ಹಳ್ಳಿ ಬೆಳ್ಳಿಯ ಶುದ್ಧತೆಗೆ ಮುದ್ರೆಯ ಖಾತರಿ ಇಲ್ಲ. ಭಾರತದಲ್ಲಿ ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ ಬಂದದ್ದು 2005ರಲ್ಲಿ. ಅದಕ್ಕಿಂತ ಹಿಂದಿನ ಹಳ್ಳಿ ಒಡವೆಯ ಮೇಲೆ ಅದು ಇರುವಂತಿಲ್ಲ. ಮೊರಾಕ್ಕೊದ ಬೆಳ್ಳಿಯ ಮೇಲೆ ಫ್ರೆಂಚರ ಕಾಲದ ಟಗರಿನ ತಲೆ ಗುರುತು ಸಿಗುವುದುಂಟು. ಮುದ್ರೆ ಇಲ್ಲದಿದ್ದರೆ ಒರೆಗಲ್ಲು ಮತ್ತು ಆಮ್ಲವೇ ಗತಿ. ಆ ಪರೀಕ್ಷೆಯನ್ನು ಪತ್ತಾರರಿಗೆ ಬಿಡುವುದು ಕ್ಷೇಮ. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಹಾಗೆಂದು ಅದನ್ನು ತಳ್ಳಿಹಾಕಬೇಕಾಗಿಲ್ಲ. ಲಂಬಾಣಿ ಒಡವೆಗಳಲ್ಲಿ ಅದರ ಬಳಕೆ ಧಾರಾಳ, ಕೆಲಸವೂ ಚೆಂದ. ಬೆಳ್ಳಿಯ ಬೆಲೆ ಕೊಡದಿದ್ದರೆ ಸಾಕು. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ ಎಂಬುದಷ್ಟು ನೆನಪಿರಬೇಕು.

ತೂಕವೂ ಮೋಸ ಮಾಡುತ್ತದೆ. ರಾಜಸ್ಥಾನ, ಮಹಾರಾಷ್ಟ್ರದ ಎಷ್ಟೋ ಗುಂಡುಗಳು, ತಾಯಿತಗಳು ತೆಳು ತಗಡಿನ ಟೊಳ್ಳು. ಒಳಗೆ ಅರಗು ತುಂಬಿರುತ್ತಾರೆ. ತಗಡು ತಗ್ಗಾಗದಿರಲಿ ಎಂಬುದು ಅದರ ಉದ್ದೇಶ. ಕೊಳ್ಳುವಾಗ ತಕ್ಕಡಿಯಲ್ಲಿ ಅರಗೂ ತೂಗುತ್ತದೆ. ಕುಂದು ಬಂದ ಕಡೆ ಕಂದು ಪುಡಿ ಉದುರುವುದು ಇದರ ಗುರುತು. ಇಂಥ ವಸ್ತುವಿಗೆ ಬೆಂಕಿ ತಾಗಿಸಿದರೆ ಅರಗು ಕರಗಿ ಹೊರಗೆ ಬರುತ್ತದೆ, ಹರಳುಗಳೂ ಸಡಿಲವಾಗುತ್ತವೆ. ಹಳೆಯ ಪದಕಕ್ಕೆ ಬೆಸುಗೆ ಬೇಡವೆನ್ನುವುದು ಭಾವುಕತೆಯಿಂದಲ್ಲ, ಈ ಕಾರಣದಿಂದ.

ಇನ್ನು ಮಣಿಗಳ ವಿಚಾರ. ಬೆಳ್ಳಿಗೆ ಅತಿ ಹಳೆಯ ಸಂಗಾತಿ ಕೆಂಪು ಕಾರ್ನೀಲಿಯನ್. ಗುಜರಾತಿನ ನರ್ಮದೆಯ ದಡದ ರತನಪುರದ ಕಡೆ ಅಗೆದ ಕಲ್ಲು ಖಂಭಾತದಲ್ಲಿ ಮಣಿಯಾಗುತ್ತದೆ. ಅಗೆದಾಗ ಅದು ಮಂಕು ಹಳದಿ, ಕಂದು. ಬಿಸಿಲಿನಲ್ಲಿ ಒಣಗಿಸಿ, ಮಣ್ಣಿನ ಮಡಕೆಯಲ್ಲಿಟ್ಟು ಹದವಾಗಿ ಕಾಯಿಸಿದರೆ ಒಳಗಿನ ಕಬ್ಬಿಣದ ಅಂಶ ಬದಲಾಗಿ ಕೆಂಪೇರುತ್ತದೆ. ಆಮೇಲೆ ಚಕ್ಕೆ ಎಬ್ಬಿಸಿ ಆಕಾರ ಕೊಡುವುದು, ಉಜ್ಜುವುದು, ತುದಿಗೆ ವಜ್ರದ ಚೂರು ಕೂರಿಸಿದ ಬಿಲ್ಲು ಕೊರೆಗಡ್ಡಿಯಿಂದ ತೂತು ಕೊರೆಯುವುದು. ಸಿಂಧೂ ಕಣಿವೆಯ ಕಾಲದಲ್ಲಿ ವಜ್ರದ ಬದಲು ವಿಶೇಷ ಗಟ್ಟಿ ಕಲ್ಲಿನ ಮೊನೆ ಇತ್ತು. ಲಿಯೊನಾರ್ಡ್ ವೂಲಿ ಇರಾಕಿನ ಊರ್ ನಗರದ ರಾಜಸಮಾಧಿಗಳನ್ನು ಅಗೆದಾಗ ಸಿಕ್ಕ ಕಾರ್ನೀಲಿಯನ್ ಮಣಿಗಳಲ್ಲಿ ಸಿಂಧೂ ಕಣಿವೆಯಿಂದ ಹೋದವು ಇದ್ದವು. ನಾಗಾ ಬೆಟ್ಟಗಳ ಉದ್ದ ಕೆಂಪು ಮಣಿಗಳೂ ಖಂಭಾತದವು, ವ್ಯಾಪಾರಿಗಳ ಕೈದಾಟಿ ದೇಶದ ಆ ಕೊನೆ ಸೇರಿದವು.

ಗಾಜಿನ ಮಣಿಯ ಚರಿತ್ರೆಯಲ್ಲಿ ದಕ್ಷಿಣ ಭಾರತದ ಪಾಲು ದೊಡ್ಡದು. ಪುದುಚೇರಿಯ ಬಳಿಯ ಅರಿಕಮೇಡು ಗಾಜನ್ನು ಕೊಳವೆಯಾಗಿ ಎಳೆದು, ತುಂಡರಿಸಿ, ಮತ್ತೆ ಕಾಯಿಸಿ ಅಂಚು ದುಂಡಗೆ ಮಾಡಿದ ಪುಟ್ಟ ಮಣಿಗಳ ಕೇಂದ್ರ. ಇಟ್ಟಿಗೆಗೆಂಪು, ಹಳದಿ, ಹಸಿರು, ಕಪ್ಪು ಬಣ್ಣದ, ಅರ್ಧ ಸೆಂಟಿಮೀಟರಿಗೂ ಚಿಕ್ಕದಾದ ಈ ಮಣಿಗಳು ಪೂರ್ವ ಆಫ್ರಿಕಾದಿಂದ ಕೊರಿಯಾದವರೆಗೆ ಸಿಕ್ಕಿವೆ. ಮಣಿಗಳ ಇತಿಹಾಸಕಾರ ಪೀಟರ್ ಫ್ರಾನ್ಸಿಸ್ ಇವುಗಳಿಗೆ ಇಂಡೋ-ಪೆಸಿಫಿಕ್ ಮಣಿಗಳೆಂದು ಹೆಸರಿಟ್ಟರು. ಅದೇ ಬಗೆಯ ಎಳೆಗಾಜಿನ ಕಸುಬು ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಉಳಿದು ಬಂದಿದೆ.

ಯುರೋಪಿನಲ್ಲಿ ವೆನಿಸ್ಸಿನ ಮುರಾನೊ ದ್ವೀಪದ್ದೇ ಮೇಲುಗೈ. ಬೆಂಕಿಯ ಭಯಕ್ಕೆ 1291ರಲ್ಲಿ ವೆನಿಸ್ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಈ ದ್ವೀಪಕ್ಕೆ ಸಾಗಹಾಕಿತು. ನೀಲಿ, ಬಿಳಿ, ಕೆಂಪು ಗಾಜಿನ ಪದರಗಳನ್ನು ನಕ್ಷತ್ರದ ಅಚ್ಚಿನಲ್ಲಿ ಒಂದರ ಮೇಲೊಂದು ಕೂರಿಸಿ, ಎಳೆದು, ತುದಿಗಳನ್ನು ಸವೆಸಿ ಅಂಕುಡೊಂಕು ಗೆರೆ ಬರಿಸಿದ ಶೆವ್ರಾನ್ ಮಣಿ 15ನೇ ಶತಮಾನದ ಕೊನೆಯಲ್ಲಿ ಅಲ್ಲಿಯೇ ಹುಟ್ಟಿತು. ಬಣ್ಣಬಣ್ಣದ ಹೂ ಚುಕ್ಕಿಗಳ ಮಿಲ್ಲೆಫಿಯೊರಿ ಮಣಿಗಳು ಹಡಗುಗಟ್ಟಲೆ ಆಫ್ರಿಕಾಕ್ಕೆ ಹೋದವು. ಚಿನ್ನಕ್ಕೆ, ತಾಳೆ ಎಣ್ಣೆಗೆ, ದಂತಕ್ಕೆ, ಮನುಷ್ಯರಿಗೆ ಸಹ ಅವು ಬೆಲೆಯಾದವು. 1960–70ರ ದಶಕಗಳಲ್ಲಿ ಪಶ್ಚಿಮ ಆಫ್ರಿಕಾದ ವ್ಯಾಪಾರಿಗಳು ಅವನ್ನೇ ಯುರೋಪ್, ಅಮೆರಿಕಗಳಿಗೆ ಹೊತ್ತುಕೊಂಡು ಹೋಗಿ ಮಾರಿದರು. ಇಂದು ‘ಆಫ್ರಿಕದ ಮಣಿ’ ಎನ್ನುವುದರಲ್ಲಿ ಅನೇಕವು ಇಟಲಿಯವು.

ನಕಲು ಎಂಬುದೂ ಹೊಸತಲ್ಲ. ಸಹಾರಾದ ತುವಾರೆಗ್ ಜನರ ತಲ್‌ಹಾಕಿಮ್ತ್ ಎಂಬ ತ್ರಿಕೋನದ ಕಲ್ಲಿನ ಒಡವೆಯನ್ನು ಮೊದಲು ಖಂಭಾತ ಮಾಡಿ ಕಳಿಸುತ್ತಿತ್ತು. ಜರ್ಮನಿಯ ಇಡಾರ್-ಒಬರ್‌ಸ್ಟೈನ್‌ನ ಕಲ್ಲು ಕೆಲಸಗಾರರು ಅದನ್ನು ಅಗೇಟಿನಲ್ಲಿ ಕಡೆದು ಅಗ್ಗಕ್ಕೆ ಕೊಟ್ಟರು. ಬೊಹಿಮಿಯಾದವರು ಗಾಜಿನಲ್ಲಿ ಒತ್ತಿ ಇನ್ನೂ ಅಗ್ಗಕ್ಕೆ ಕೊಟ್ಟರು. ಕೊನೆಗೆ ಪ್ಲಾಸ್ಟಿಕ್ ಬಂದಿತು. ಈ ನಾಲ್ಕೂ ಇಂದು ಒಂದೇ ಬುಟ್ಟಿಯಲ್ಲಿ ಸಿಗುತ್ತವೆ. ಒಂದೊಂದೂ ತನ್ನ ಕಾಲದ ಸಾಕ್ಷಿಯಾಗಿ ಬಳಕೆಗೆ ಯೋಗ್ಯವೇ, ಬೆಲೆ ಮಾತ್ರ ಬೇರೆ ಬೇರೆ ಇರಬೇಕು. ಅಚ್ಚಿನ ಗಾಜನ್ನು ಅಂಚಿನ ಸಣ್ಣ ಏಣು ತೋರಿಸಿಕೊಡುತ್ತದೆ.

ಹಳೆಯದೋ ಹೊಸದೋ ಎಂಬುದನ್ನು ಮಣಿಯ ಮೈಗಿಂತ ತೂತು ಚೆನ್ನಾಗಿ ಹೇಳುತ್ತದೆ. ಕೈಯಿಂದ ಕೊರೆದ ಕಲ್ಲಿನ ಮಣಿಗೆ ಎರಡೂ ಕಡೆಯಿಂದ ಕೊರೆದಿರುತ್ತಾರೆ. ಬಾಯಿ ಅಗಲ, ನಡುವೆ ಕಿರಿದು. ಎರಡು ತೂತು ಕೂಡುವಲ್ಲಿ ಸಣ್ಣ ಮೆಟ್ಟಿಲು. ಬೆಳಕಿಗೆ ಹಿಡಿದರೆ ಕಾಣುತ್ತದೆ. ಯಂತ್ರದ ತೂತು ಈ ತುದಿಯಿಂದ ಆ ತುದಿಗೆ ಒಂದೇ ಅಳತೆ. ತಲೆಮಾರುಗಳ ಕಾಲ ದಾರದಲ್ಲಿ ಉಜ್ಜಿಕೊಂಡ ಮಣಿಯ ತೂತಿನ ತುಟಿ ನುಣುಪಾಗಿ ಒಂದು ಕಡೆಗೆ ಸವೆದಿರುತ್ತದೆ. ಪಕ್ಕದ ಮಣಿಗೆ ತಾಗುವ ಮುಖ ಚಪ್ಪಟೆಯಾಗಿರುತ್ತದೆ. ಮೈಮೇಲೆಲ್ಲ ಗೀರು, ಆದರೆ ತೂತಿನ ಅಂಚು ಹರಿತ ಎಂದರೆ ಮುದಿತನವನ್ನು ಯಾರೋ ಮೊನ್ನೆ ಹಚ್ಚಿದ್ದಾರೆ ಎಂದೇ ಅರ್ಥ. ಬೆಳ್ಳಿಯ ಕಪ್ಪಿಗೂ ಈ ಮಾತು ಸಲ್ಲುತ್ತದೆ. ಗಂಧಕದ ದ್ರಾವಣದಲ್ಲಿ ಅದ್ದಿದ ಕಪ್ಪು ಎಲ್ಲೆಡೆ ಸಮ. ಕಾಲ ತಂದ ಕಪ್ಪು ಸಂದುಗಳಲ್ಲಿ ಕೂತು, ಉಬ್ಬಿದ ಕಡೆ ಮೈಗೆ ತಾಗಿ ಬೆಳ್ಳಗಿರುತ್ತದೆ.

ಅಂಬರ್ ವಿಷಯದಲ್ಲಿ ಮೋಸ ಹೆಚ್ಚು. ‘ಆಫ್ರಿಕನ್ ಅಂಬರ್’ ಎನ್ನುವ ದೊಡ್ಡ ಹಳದಿ ಮಣಿಗಳಲ್ಲಿ ಹೆಚ್ಚಿನವು, ಲಿಯೊ ಬೇಕ್‌ಲಂಡ್ 1907ರಲ್ಲಿ ಕಂಡುಹಿಡಿದ ಬೇಕಲೈಟ್ ಜಾತಿಯ ರಾಳ. ಉಪ್ಪು ಇನ್ನು ಕರಗದು ಎನ್ನುವಷ್ಟು ಕರಗಿಸಿದ ನೀರಿನಲ್ಲಿ ಅಂಬರ್ ತೇಲುತ್ತದೆ, ಬೇಕಲೈಟ್ ಮುಳುಗುತ್ತದೆ. ಎಳೆಯ ರಾಳವಾದ ಕೊಪಾಲ್ ಕೂಡ ತೇಲುತ್ತದೆ. ಆದರೆ ಉಗುರಿನ ಬಣ್ಣ ತೆಗೆಯುವ ಅಸಿಟೋನಿನ ಒಂದು ಹನಿ ಮರೆಯ ಜಾಗಕ್ಕೆ ತಾಗಿಸಿದರೆ ಕೊಪಾಲ್ ಅಂಟಂಟಾಗುತ್ತದೆ. ಹಿಮಾಲಯದ ನೀಲಿ ಕಲ್ಲೆಂದು ಮಾರುವುದರಲ್ಲಿ ಬಣ್ಣ ಹಾಕಿದ ಹೌಲೈಟ್ ಎಂಬ ಬಿಳಿ ಕಲ್ಲು ಬಹಳ.

ಕಾನೂನು ತಡೆಯುವ ವಸ್ತುಗಳೂ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆನೆದಂತದ ವ್ಯಾಪಾರ ನಿಷಿದ್ಧ, ಹುಲಿಯುಗುರು ಇಟ್ಟುಕೊಳ್ಳುವುದೂ ಅಪರಾಧ. 2023ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಹುಲಿಯುಗುರಿನ ಪದಕ ಧರಿಸಿ ಟಿವಿಯಲ್ಲಿ ಕಾಣಿಸಿಕೊಂಡವರೊಬ್ಬರ ಬಂಧನವಾದ ಮೇಲೆ ಎಷ್ಟೋ ಮನೆಗಳಲ್ಲಿ ಹಳೆಯ ಪೆಟ್ಟಿಗೆಗಳನ್ನು ತೆರೆದು ನೋಡಿದರು. ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯೂ 1972ರದ್ದೇ. ನೂರು ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ಭಾರತದಿಂದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಗಳಿಗೆ ಮುತ್ತಜ್ಜಿಯ ಪದಕದ ಸರ ಕಟ್ಟಿ ಕಳಿಸುವ ಮುನ್ನ ಇದು ತಿಳಿದಿರಬೇಕು.

ಜೋಡಣೆ ಪದಕದಿಂದ ಶುರುವಾಗುತ್ತದೆ. ಅದನ್ನು ದಾರಕ್ಕೆ ಹಾಕಿ ಗೋಡೆಯ ಮೊಳೆಗೆ ತೂಗುಬಿಟ್ಟು ನೋಡುವುದು ಮೊದಲ ಕೆಲಸ. ಮುಂದಕ್ಕೆ ಬಾಗುತ್ತದೆಯೇ, ಬೆನ್ನು ತಿರುಗಿಸುತ್ತದೆಯೇ, ಒಂದು ಮಗ್ಗುಲಿಗೆ ವಾಲುತ್ತದೆಯೇ? ಕಿವಿ ಮೇಲಂಚಿಗಿಂತ ಕೆಳಗಿದ್ದರೆ ಪದಕ ಮಗುಚುತ್ತದೆ. ಅದಕ್ಕೆ ಒಂದೇ ಕಿವಿಯ ಬದಲು ಎರಡು ಕಡೆ ಹಿಡಿದು ತೂಗುವ ದಾರ ಬೇಕು. ಕಿವಿ ಸವೆದು ಎಳೆಯಷ್ಟಾಗಿದ್ದರೆ ಅದರೊಳಗೆ ಲೋಹದ ಬಳೆ ಹಾಕಬಾರದು; ಲೋಹ ಲೋಹವನ್ನು ತಿನ್ನುತ್ತದೆ. ಮೆತ್ತನೆಯ ಚರ್ಮದ ಪಟ್ಟಿ ಅಥವಾ ಹತ್ತಿಯ ಹುರಿ ಹಾಯಿಸಿ, ಆ ಹುರಿಯನ್ನು ಸರಕ್ಕೆ ಕಟ್ಟುವುದು ಸರಿ.

ಉದ್ದದ ಲೆಕ್ಕ ಸುಲಭ. ಸುಮಾರು 40 ಸೆಂಟಿಮೀಟರು ಕೊರಳಿನ ಬುಡಕ್ಕೆ, 45 ಕೊರಳೆಲುಬಿನ ಮೇಲೆ, 60 ಎದೆಯ ನಡುವಿಗೆ, 75 ದಾಟಿದರೆ ಹೊಟ್ಟೆಯ ಕಡೆಗೆ. ಅಗಲವಾದ, ಭಾರದ ಪದಕ 60ರ ಆಸುಪಾಸಿನಲ್ಲಿ ಚೆನ್ನಾಗಿ ಕೂರುತ್ತದೆ; ಕೊರಳಿಗೆ ಅಂಟಿದರೆ ಪ್ರತಿ ಉಸಿರಿಗೂ ಎದ್ದು ಕಾಣುತ್ತದೆ. ತೂಕ ನೋಡಿದರೆ, 10 ಮಿಲಿಮೀಟರಿನ ಒಂದು ದುಂಡು ಕಾರ್ನೀಲಿಯನ್ ಮಣಿ ಸುಮಾರು 1.4 ಗ್ರಾಂ. 60 ಸೆಂಟಿಮೀಟರಿನ ಸರದಲ್ಲಿ ಕತ್ತಿನ ಹಿಂದೆ 12 ಸೆಂಟಿಮೀಟರು ಬರಿ ದಾರ ಬಿಟ್ಟರೆ 48 ಮಣಿ, ಸುಮಾರು 65 ಗ್ರಾಂ. ಪದಕ 40 ಗ್ರಾಂ ಎಂದರೆ ಒಟ್ಟು ನೂರು ದಾಟಿತು. ದಿನವಿಡೀ ಧರಿಸಲು ಇದು ಹೆಚ್ಚುಕಡಿಮೆ ಮಿತಿ. ಅದೇ ಅಳತೆಯ ಅಂಬರ್ ಮಣಿಗೆ ಅರ್ಧದಷ್ಟೂ ತೂಕವಿಲ್ಲ. ಹಿಂದಿನ ಬರಿ ದಾರ ಕೊರತೆಯಲ್ಲ, ಜಾಣತನ. ಅಲ್ಲಿ ಮಣಿ ಕಾಣುವುದಿಲ್ಲ, ಕೂದಲು ಸಿಕ್ಕಿಕೊಳ್ಳುತ್ತದೆ, ಕತ್ತಿಗೆ ಒತ್ತುತ್ತದೆ. ಒಡವೆಗೆ ರೇಷ್ಮೆ ಹುರಿ ಕಟ್ಟುವುದನ್ನೇ ಕಸುಬಾಗಿಸಿಕೊಂಡ ಉತ್ತರ ಭಾರತದ ಪಟ್ವಾಗಳು ಹಿಂದುಗಡೆ ದಾರವನ್ನೇ ಬಿಟ್ಟು, ಜಾರುವ ಗಂಟು ಹಾಕಿ, ತುದಿಗೆ ಗೊಂಡೆ ಇಳಿಬಿಡುತ್ತಾರೆ. ಪ್ರಾಚೀನ ಈಜಿಪ್ಟಿನವರು ಭಾರದ ಕೊರಳ ಪಟ್ಟಿಗೆ ಎದುರು ತೂಕವಾಗಿ ಬೆನ್ನ ಮೇಲೆ ಮೆನಾತ್ ಎಂಬ ಫಲಕವನ್ನೇ ತೂಗಿದ್ದರು.

ಯಾವ ಪದಕಕ್ಕೆ ಯಾವ ಮಣಿ ಎಂಬುದಕ್ಕೆ ಸೂತ್ರವಿಲ್ಲ. ಪದಕ ಕುಸುರಿಯಿಂದ ತುಂಬಿದ್ದರೆ ಮಣಿ ಸಾದಾ ಇರಲಿ. ಪದಕ ಬರಿ ತಗಡಾಗಿದ್ದರೆ ಮಣಿಗೆ ಮಾತು ಬಿಡಬಹುದು. ಎರಡೂ ಮಾತಾಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಒಂದೇ ಸೀಮೆಯ ಪದಕ, ಮಣಿ ಸೇರಿಸಬೇಕೆಂದು ಹಟ ಹಿಡಿಯುವವರಿದ್ದಾರೆ. ಆ ಶುದ್ಧತೆಗೆ ಚರಿತ್ರೆಯ ಬೆಂಬಲ ಕಡಿಮೆ. ಟಿಬೆಟಿನ ಹೆಂಗಸರ ಹವಳ ಮೆಡಿಟರೇನಿಯನ್ ಸಮುದ್ರದ್ದು. ಬುಡಕಟ್ಟಿನ ಕೊರಳಿನಲ್ಲಿ ಕಾಣುವ ಗಾಜಿನ ಮಣಿ ಎಲ್ಲಿಯದೋ ಕುಲುಮೆಯದು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗ ಹೆಂಗಸರು ಕತ್ತಿನಿಂದ ಎದೆಯವರೆಗೆ ರಾಶಿಯಾಗಿ ಧರಿಸುವ ಸಣ್ಣ ಮಣಿಗಳೂ ಸಂತೆಯಲ್ಲಿ ಕೊಂಡವೇ. ಅದೇ ಸಮುದಾಯದ ತುಳಸಿ ಗೌಡರು 2021ರಲ್ಲಿ ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ ಪದ್ಮಶ್ರೀ ಸ್ವೀಕರಿಸಿದಾಗ ದೇಶವೆಲ್ಲ ನೋಡಿದ ಆ ಸರಗಳು ಹಾಲಕ್ಕಿಯವಾದದ್ದು ಮಣಿಯ ಹುಟ್ಟೂರಿನಿಂದಲ್ಲ, ಎಳೆಗಳ ಸಂಖ್ಯೆ, ಬಣ್ಣಗಳ ಸಾಲು, ಧರಿಸುವ ಬಗೆಯಿಂದ. ಮಣಿಗಳ ಆಯ್ಕೆಯಲ್ಲಿ ಕಾಲ, ಸವಕಳಿ, ಹೊಳಪು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಹೆಚ್ಚು ಪ್ರಯೋಜನದ್ದು. ನುಣ್ಣಗೆ ಸವೆದ ಬೆಳ್ಳಿಯ ಪಕ್ಕದಲ್ಲಿ ಕನ್ನಡಿಯಂತೆ ಮಿನುಗುವ ಹೊಸ ಗಾಜು ಕೂರುವುದಿಲ್ಲ.

ಪೋಣಿಸುವ ಮುನ್ನ ದಪ್ಪ ಟವೆಲನ್ನು ಮಡಿಚಿ, ಅದರ ಪದರದ ನಡುವಿನ ತಗ್ಗಿನಲ್ಲಿ ಮಣಿಗಳನ್ನು ಸಾಲಾಗಿ ಇಟ್ಟು ನೋಡಬೇಕು. ಎರಡು ದಿನ ಹಾಗೇ ಬಿಟ್ಟು ಹೋಗುತ್ತ ಬರುತ್ತ ಕಣ್ಣಾಡಿಸಿದರೆ ಬೇಡದ ಮಣಿ ತಾನೇ ಎದ್ದು ಕಾಣುತ್ತದೆ. ದೊಡ್ಡ ತೂತಿನ ಮಣಿ ದಾರದ ಮೇಲೆ ಓಲಾಡುತ್ತದೆ. ಒಳಗೆ ಒಂದೆರಡು ಪುಟ್ಟ ಮಣಿಗಳನ್ನು ಅಡಗಿಸಿದರೆ ನೆಟ್ಟಗೆ ನಿಲ್ಲುತ್ತದೆ. ಕಲ್ಲಿಗೆ ಕಲ್ಲು ತಾಗಿ ಅಂಚು ಒಡೆಯದಂತೆ ನಡುವೆ ಸಣ್ಣ ಬೆಳ್ಳಿ ಮಣಿಯನ್ನೋ ಚರ್ಮದ ಬಿಲ್ಲೆಯನ್ನೋ ಹಾಕುವುದುಂಟು. ತೂತು ಕಿರಿದಾಯಿತೆಂದು ಹಳೆಯ ಮಣಿಯನ್ನು ಕೊರೆದು ಹಿಗ್ಗಿಸುವುದು ಮಾತ್ರ ಬೇಡ. ದಾರವನ್ನೇ ಸಣ್ಣದು ಮಾಡಿಕೊಳ್ಳಬೇಕು.

ದಾರದ ಆಯ್ಕೆ ತೂತಿನ ಅಂಚನ್ನು ನೋಡಿ. ಮುತ್ತು, ಹವಳ, ಅಂಬರ್, ನುಣುಪಾಗಿ ಸವೆದ ಗಾಜು ಇವುಗಳಿಗೆ ರೇಷ್ಮೆ ಅಥವಾ ಹೆಣೆದ ನೈಲಾನ್. ಮಣಿಗೊಂದು ಗಂಟು ಹಾಕುತ್ತ ಹೋದರೆ ಎರಡು ಲಾಭ: ಮಣಿಗಳು ಉಜ್ಜಿಕೊಳ್ಳುವುದಿಲ್ಲ, ದಾರ ಹರಿದರೂ ಉದುರುವುದು ಒಂದೇ ಮಣಿ. ಗಂಟು ಬಿಗಿಯುವ ಮುನ್ನ ಅದರ ಕುಣಿಕೆಯೊಳಗೆ ಸೂಜಿ ತೂರಿಸಿ, ಮಣಿಯ ಬಾಯಿಯವರೆಗೆ ತಳ್ಳಿ, ಆಮೇಲೆ ಸೂಜಿ ಎಳೆದರೆ ಗಂಟು ತನ್ನ ಜಾಗದಲ್ಲೇ ಕೂರುತ್ತದೆ. ಎರಡೆಳೆಯಲ್ಲಿ ಗಂಟು ಹಾಕಲು ಸರದ ಉದ್ದದ ಐದು ಪಟ್ಟು ದಾರ ಬೇಕಾಗುತ್ತದೆ. ಹರಿತ ಬಾಯಿಯ ಕಲ್ಲಿನ ಮಣಿ, ತಗಡಿನ ಗುಂಡುಗಳು ರೇಷ್ಮೆಯನ್ನು ಕೆಲವೇ ತಿಂಗಳಲ್ಲಿ ಕೊಯ್ದುಬಿಡುತ್ತವೆ. ಅಲ್ಲಿ ನೈಲಾನ್ ಲೇಪದ ಉಕ್ಕಿನ ಹುರಿ ಬೇಕು. ಇದು ಏಳರಿಂದ 49ರವರೆಗೆ ನವಿರು ತಂತಿಗಳನ್ನು ಹೊಸೆದದ್ದು. ತಂತಿಗಳು ಹೆಚ್ಚಿದಷ್ಟೂ ಬಳುಕು. ಹಗುರ ಸರಕ್ಕೆ 0.38, ಭಾರಕ್ಕೆ 0.48 ಮಿಲಿಮೀಟರು ಸಾಕು. ಇದಕ್ಕೆ ಗಂಟು ಹಿಡಿಯುವುದಿಲ್ಲ. ತುದಿಯನ್ನು ಕೊಂಡಿಯ ಸುತ್ತ ಮಡಿಚಿ, ಚಿಕ್ಕ ಲೋಹದ ಕೊಳವೆಯೊಳಗೆ ತೂರಿಸಿ, ಇಕ್ಕಳದಿಂದ ಒತ್ತಬೇಕು. ಒಮ್ಮೆ ಮುರಿದ ಮಡಿಕೆ ಮತ್ತೆ ನೇರವಾಗುವುದಿಲ್ಲ. ಮೀನಿನ ಗಾಳದ ದಾರ ಅಗ್ಗ, ಆದರೆ ಕಾಲ ಕಳೆದಂತೆ ಪೆಡಸಾಗುತ್ತದೆ, ಹಿಗ್ಗುತ್ತದೆ. ಹತ್ತಿ ಬೆವರು ಕುಡಿಯುತ್ತದೆ.

ಹಳೆಯ ಬೆಳ್ಳಿಗೆ ಒಪ್ಪುವ ಕೊಂಡಿ ಎಂದರೆ ಎರಡೂ ತುದಿ ಎದುರು ಬದುರು ಬಾಗಿದ ಸಾದಾ ಕೊಕ್ಕೆ. ಹಳೆಯ ಬೆಳ್ಳಿ ಗುಂಡಿ ಮತ್ತು ದಾರದ ಕುಣಿಕೆಯೂ ಸಾಕು. ಭಾರದ ಸರಕ್ಕೆ ಸ್ಪ್ರಿಂಗಿನ ಪುಟ್ಟ ಕೊಂಡಿ ನಂಬಿಕೆಗೆ ಯೋಗ್ಯವಲ್ಲ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲದಿಂದ. ಅಡುಗೆ ಸೋಡಾ ಬೆರೆಸಿದ ಬಿಸಿನೀರು ಮತ್ತು ಅಲ್ಯೂಮಿನಿಯಂ ಹಾಳೆಯ ಉಪಾಯ ಕಪ್ಪನ್ನು ಪೂರ್ತಿ ತೆಗೆಯುತ್ತದೆ, ಸಂದುಗಳಲ್ಲಿ ಇರಬೇಕಾದ ಕಪ್ಪನ್ನೂ ಬಿಡುವುದಿಲ್ಲ, ಕುಸುರಿ ಸಪ್ಪೆಯಾಗುತ್ತದೆ. ಅರಗು ತುಂಬಿದ್ದಕ್ಕೆ ಬಿಸಿನೀರು ಸಲ್ಲದು. ಅಡುಗೆಮನೆಯ ಹುಣಸೆಹಣ್ಣು ಬರಿ ಬೆಳ್ಳಿಗೆ ಸರಿ, ಆದರೆ ಸರದಲ್ಲಿ ಹವಳ, ಮುತ್ತು, ಶಂಖ, ಕವಡೆ ಇದ್ದರೆ ಹುಳಿ ಅವುಗಳ ಸುಣ್ಣವನ್ನೇ ತಿನ್ನುತ್ತದೆ. ಒಣ ಮೆತ್ತನೆಯ ಬಟ್ಟೆಯಿಂದ ಉಬ್ಬು ಭಾಗಗಳನ್ನಷ್ಟೇ ಉಜ್ಜುವುದು ಎಲ್ಲಕ್ಕೂ ಹೊಂದುತ್ತದೆ. ಸುಗಂಧ ದ್ರವ್ಯ ಮೊದಲು, ಸರ ಆಮೇಲೆ. ಎತ್ತಿಡುವಾಗ ಗಾಳಿಯಾಡದ ಚೀಲ ಒಳ್ಳೆಯದು. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುವುದರಿಂದ ಅದು ಬೇಡ. ಮೊಳೆಗೆ ತೂಗುಹಾಕಿದರೆ ಪದಕದ ಭಾರಕ್ಕೆ ದಾರ ಹಿಗ್ಗುತ್ತದೆ, ಹಾಗಾಗಿ ಮಲಗಿಸಿಡಬೇಕು.

ಪ್ರತಿ ಸರಕ್ಕೂ ಒಂದು ಚೀಟಿ ಬರೆದಿಡುವುದು ಸಂಗ್ರಾಹಕರಲ್ಲಿ ಒಳ್ಳೆಯ ರೂಢಿ. ಪದಕ ಯಾವ ಊರಿನಲ್ಲಿ, ಯಾವ ವರ್ಷ, ಯಾರ ಕೈಯಿಂದ ಬಂದಿತು, ತೂಕ ಎಷ್ಟು, ಯಾವ ಮಣಿ ಎಲ್ಲಿಯದು, ಯಾವ ಬಗೆಯ ದಾರದಲ್ಲಿ ಯಾವಾಗ ಪೋಣಿಸಿದ್ದು ಇಷ್ಟಿದ್ದರೆ ಸಾಕು. ಬಿಚ್ಚುವ ಮುನ್ನ ತೆಗೆದ ಒಂದು ಫೋಟೊ ಜೊತೆಗಿರಲಿ. ಬಳಕೆಯಲ್ಲಿರುವ ಸರದ ದಾರವನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಮೊದಲು ಸೋಲುವುದು ಕೊಂಡಿಯ ಪಕ್ಕದ ಎರಡು ಅಂಗುಲ ಮತ್ತು ಪದಕದ ಕಿವಿಯೊಳಗಿನ ತುಣುಕು. ಅಲ್ಲಿ ದಾರ ಕಪ್ಪಾಗಿ, ಎಳೆ ಎದ್ದು, ಮಣಿಗಳ ನಡುವೆ ಸಂದು ಕಾಣಿಸಿದರೆ ಮತ್ತೆ ಪೋಣಿಸುವ ಹೊತ್ತು ಬಂದಿದೆ.